ಮೈಸೂರಿನ ಮನೆಯಲ್ಲಿ ಹವಳದ ತೊಟ್ಟಿ: ಬತ್ತುವ ನೀರಿನ ಲೆಕ್ಕ

ಒಲೆಯ ಮೇಲೆ ಮರೆತುಬಿಟ್ಟ ಸಾರು ಬತ್ತಿದಂತೆಲ್ಲ ಉಪ್ಪಾಗುತ್ತದೆ ಎಂಬುದು ಅಡುಗೆಮನೆ ಹೊಕ್ಕವರಿಗೆಲ್ಲ ಗೊತ್ತು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಇದೇ ಕ್ರಿಯೆ ಒಲೆಯ ಹಂಗಿಲ್ಲದೆ ಹಗಲಿರುಳು ನಡೆಯುತ್ತಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಮೈಸೂರಿನ ನಮ್ಮ ಮನೆಯ ಹಜಾರದಲ್ಲಿರುವ 50 ಲೀಟರಿನ ತೊಟ್ಟಿಯಿಂದ, ಅದರ ಮೇಲೊಂದು ಸಣ್ಣ ಫ್ಯಾನು ತಿರುಗುತ್ತಿದ್ದರೆ, ದಿನಕ್ಕೆ ಸುಮಾರು ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆ. ಕಡಲಿನಲ್ಲಿರುವಂತೆ ಕಿಲೋ ನೀರಿಗೆ 35 ಗ್ರಾಂ ಇದ್ದ ಉಪ್ಪು ಮರುದಿನಕ್ಕೆ 35.7 ಗ್ರಾಂ ಆಗಿರುತ್ತದೆ. ಮನೆಗೆ ಬೀಗ ಹಾಕಿ ನಾಲ್ಕು ದಿನ ಮದುವೆಗೆಂದು ಹೋಗಿ ಬಂದರೆ 38 ಮುಟ್ಟಿರುತ್ತದೆ. ಕಡಲಿನ ಹವಳ ಸಾಮಾನ್ಯವಾಗಿ ಕಾಣದಷ್ಟು ಏರಿಳಿತವನ್ನು ನಮ್ಮ ತೊಟ್ಟಿಯ ಹವಳ ಒಂದೇ ವಾರದಲ್ಲಿ ಕಂಡುಬಿಡುತ್ತದೆ. ಸಣ್ಣ ತೊಟ್ಟಿ ಅಗ್ಗ, ಆದ್ದರಿಂದ ಸುಲಭ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಅಗ್ಗ ಎನ್ನುವುದು ನಿಜ. ಸುಲಭ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 300 ಲೀಟರಿನ ತೊಟ್ಟಿಯಲ್ಲಿ ಲೆಕ್ಕಕ್ಕೇ ಬಾರದ ತಪ್ಪು 50 ಲೀಟರಿನಲ್ಲಿ ಆರು ಪಟ್ಟು ದೊಡ್ಡದಾಗಿ ಎದುರು ನಿಲ್ಲುತ್ತದೆ.

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಅಂಬಲಿಮೀನಿನ ದೂರದ ಬಳಗಕ್ಕೆ ಸೇರಿದ ಪ್ರಾಣಿ. ಪಾಲಿಪ್ ಎಂದು ಕರೆಯುವ ಪುಟ್ಟ ಚೀಲದಂಥ ದೇಹ, ಅದರ ಬಾಯಿಯ ಸುತ್ತ ಕುಟುಕುವ ಎಳೆಗಳು, ಇಷ್ಟೇ ಅದರ ರಚನೆ. ಇಂಥ ನೂರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಾಗ ನಮ್ಮ ಕಣ್ಣಿಗೆ ಒಂದು ಹವಳವೆಂದು ಕಾಣುತ್ತದೆ. ತೊಟ್ಟಿಗಳಲ್ಲಿ ನಾವು ಸಾಕುವ ಬಹುಪಾಲು ಹವಳಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿರುತ್ತವೆ. ಬೆಳಕನ್ನು ಬಳಸಿ ಅವು ತಯಾರಿಸುವ ಸಕ್ಕರೆಯ ಹೆಚ್ಚಿನ ಭಾಗ ಹವಳಕ್ಕೆ ಸಂದಾಯವಾಗುತ್ತದೆ. ಅದಕ್ಕೆ ಬದಲಾಗಿ ಹವಳವು ಪಾಚಿಗೆ ನೆಲೆಯನ್ನೂ ತನ್ನ ವಿಸರ್ಜನೆಯಲ್ಲಿರುವ ಸಾರಜನಕವನ್ನೂ ಕೊಡುತ್ತದೆ. ಹವಳದ ಕಂದು ಬಣ್ಣ ಬಹುಮಟ್ಟಿಗೆ ಈ ಪಾಚಿಯದೇ. ಹೀಗಾಗಿ ಹವಳ ಸಾಕುವುದೆಂದರೆ ಒಂದೇ ದೇಹದೊಳಗಿನ ಪ್ರಾಣಿಯನ್ನೂ ಪಾಚಿಯನ್ನೂ ಒಟ್ಟಿಗೆ ಸಾಕುವುದು. ಎರಡರಲ್ಲಿ ಯಾವುದಕ್ಕೆ ಕಷ್ಟವಾದರೂ ಸಂಸಾರ ಒಡೆಯುತ್ತದೆ.

ತೊಟ್ಟಿ ಕೊಳ್ಳುವುದಕ್ಕೂ ಮೊದಲು ತಿಳಿಯಬೇಕಾದದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಬೀಸಣಿಗೆಯಂತೆ ಹರಡುವ ಕಡಲ ಫ್ಯಾನುಗಳು ಆ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸತ್ತ ಹವಳದ ತುಂಡನ್ನು ‘ಲೈವ್ ರಾಕ್’ ಎಂಬ ಹೆಸರಿನಲ್ಲಿ ಮಾರಿದರೂ ಅದು ಹವಳದ ಅಸ್ಥಿಯೇ ಆಗಿರುವುದರಿಂದ ಅದೇ ಕಾಯ್ದೆ ಅನ್ವಯಿಸುತ್ತದೆ. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯ ಅಡಿಯಲ್ಲಿ ನಿಯಂತ್ರಣದಲ್ಲಿದೆ. ಆದ್ದರಿಂದ ಈ ಲೇಖನದಲ್ಲಿ ಮನೆಯ ತೊಟ್ಟಿಯೆಂದು ನಾನು ಹೇಳುವಾಗಲೆಲ್ಲ ಮನಸ್ಸಿನಲ್ಲಿರುವುದು ಆ ಪಟ್ಟಿಗೆ ಸೇರದ ಮೃದು ಜಾತಿಗಳು: ಅಣಬೆಯಂತೆ ಚಪ್ಪಟೆಯಾಗಿ ಅರಳುವ ಮಶ್ರೂಮ್ ಹವಳ, ಗುಂಡಿಗಳನ್ನು ಜೋಡಿಸಿಟ್ಟಂತೆ ಕಾಣುವ ಝೋಆಂಥಿಡ್, ಚರ್ಮದ ಹಾಳೆಯಂಥ ಲೆದರ್ ಹವಳ. ಇವನ್ನು ಕೊಳ್ಳುವಾಗಲೂ ಯಾವ ಜಾತಿ, ಎಲ್ಲಿಂದ ಬಂದದ್ದು, ಆಮದಿನ ಕಾಗದವಿದೆಯೇ ಎಂದು ಕೇಳಿ, ಅನುಮಾನವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಸಬರಿಗೆ ಈ ನಿರ್ಬಂಧದಿಂದ ನಷ್ಟವೇನೂ ಇಲ್ಲ. ಮೃದು ಹವಳಗಳು ತಪ್ಪನ್ನು ಹೆಚ್ಚು ಸಹಿಸಿಕೊಳ್ಳುತ್ತವೆ.

ಇನ್ನು ನೀರು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರಕ್ಕೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಕ್ಯಾನುಗಳಲ್ಲಿ ಕಡಲ ನೀರನ್ನು ಹೊತ್ತು ತರುವ ಉತ್ಸಾಹ ಆರಂಭದಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ನೇತ್ರಾವತಿ, ಗುರುಪುರ ನದಿಗಳು ಸೇರುವ ದಂಡೆಯ ನೀರು ಮಳೆಗಾಲದಲ್ಲಿ ಕಡಲಿನದಷ್ಟೇ ನದಿಯದೂ ಆಗಿರುತ್ತದೆ, ಬಂದರಿನ ಸಮೀಪದ ನೀರಿನಲ್ಲಿ ಎಣ್ಣೆಯ ಅಂಶವೂ ಇರಬಹುದು. ಹಾಗಾಗಿ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಲವಣವನ್ನು ಶುದ್ಧ ನೀರಿಗೆ ಬೆರೆಸಿಕೊಳ್ಳುವುದೇ ಭರವಸೆಯ ದಾರಿ. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ, ಏಕೆಂದರೆ ಅದು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಿನ ಲವಣದಲ್ಲಿ ಕ್ಲೋರೈಡ್ ಮತ್ತು ಸೋಡಿಯಂ ಸೇರಿ ಶೇಕಡ 85ರಷ್ಟಿದ್ದು, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಹವಳಕ್ಕೆ ಬೇಕಾದದ್ದರಲ್ಲಿ ಬಹಳಷ್ಟು ಆ ಉಳಿದ ಪಾಲಿನಲ್ಲಿದೆ.

ಶುದ್ಧ ನೀರು ಎನ್ನುವ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ನಲ್ಲಿಯ ಕಾವೇರಿ ನೀರು ಕುಡಿಯಲು ಚೆನ್ನಾಗಿದೆ, ಹವಳಕ್ಕೆ ಅದರಲ್ಲಿರುವ ಕ್ಲೋರಿನ್ ಆಗದು. ಕೊಳವೆಬಾವಿಯ ನೀರಿನಲ್ಲಿ ಗಡಸುತನ ಹೆಚ್ಚು. ಮಂಡ್ಯದ ಕಡೆ ಕಬ್ಬು, ಭತ್ತದ ಗದ್ದೆಗಳ ನಡುವಿನ ಬಾವಿಯಾದರೆ ಗೊಬ್ಬರದಿಂದ ಇಳಿದ ನೈಟ್ರೇಟ್ ಕೂಡ ಇರುವ ಸಂಭವವಿದೆ. ಆದ್ದರಿಂದ ಆರ್‌ಒ ಯಂತ್ರದಿಂದ ಹಾಯಿಸಿ, ಅನಂತರ ಉಳಿದ ಲವಣಾಂಶವನ್ನು ಹೀರಿಕೊಳ್ಳುವ ಡಿಐ ರಾಳದ ಕೊಳವೆಯಿಂದ ಮತ್ತೊಮ್ಮೆ ಹಾಯಿಸಿ, ನೀರಿನಲ್ಲಿ ಕರಗಿರುವ ಅಂಶವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರನ್ನೇ ಬಳಸಬೇಕು. ಅಡುಗೆಮನೆಯ ಗೋಡೆಗೆ ನೇತುಹಾಕಿದ ಆರ್‌ಒ ಇದೆಯಲ್ಲ ಎಂದು ನಾನೂ ಮೊದಮೊದಲು ನಿಶ್ಚಿಂತನಾಗಿದ್ದೆ. ಅಂಥ ಅನೇಕ ಯಂತ್ರಗಳು ನೀರಿಗೆ ರುಚಿ ಬರಲೆಂದು ಒಂದಿಷ್ಟು ಸೋಸದ ನೀರನ್ನು ಅಥವಾ ಖನಿಜವನ್ನು ಕೊನೆಯಲ್ಲಿ ಮರಳಿ ಬೆರೆಸುತ್ತವೆ ಎಂಬುದು ತೊಟ್ಟಿಯ ಗಾಜಿಗೆಲ್ಲ ಹಸಿರು ಪಾಚಿ ಹತ್ತಿದ ಮೇಲೆ ತಿಳಿಯಿತು. ಇನ್ನೊಂದು ಎಚ್ಚರಿಕೆ ನಮ್ಮ ಮನೆಗಳಿಗೇ ವಿಶೇಷವಾದದ್ದು: ಈ ನೀರನ್ನು ತಾಮ್ರದ ಹಂಡೆಯಲ್ಲಾಗಲಿ, ಹಿತ್ತಾಳೆಯ ಕೊಡದಲ್ಲಾಗಲಿ ತುಂಬಿಡಬಾರದು. ಮನುಷ್ಯರಿಗೆ ಹಿತವೆಂದು ನಾವು ಕುಡಿಯುವ ತಾಮ್ರದ ಪಾತ್ರೆಯ ನೀರು ಹವಳ, ಸೀಗಡಿ, ಬಸವನಹುಳು ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ಬಹಳ ಕಡಿಮೆ ಪ್ರಮಾಣದಲ್ಲೂ ವಿಷ.

ಲವಣವನ್ನು ಬೆರೆಸುವಾಗ ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ತಳದ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಳಿ ಪುಡಿಯಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸಣ್ಣ ಪಂಪು ಇಟ್ಟು ಒಂದು ರಾತ್ರಿ ತಿರುಗಲು ಬಿಟ್ಟು, ಬೆಳಿಗ್ಗೆ ಅಳೆದು ಬಳಸಿದರೆ ಸಾಕು. ಅಳೆಯುವುದಕ್ಕೆ ರಿಫ್ರ್ಯಾಕ್ಟೋಮೀಟರ್ ಬೇಕು, ಅಂದರೆ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆಂದು ನೋಡಿ ಉಪ್ಪಿನ ಪ್ರಮಾಣ ತಿಳಿಸುವ ಸಾಧನ. ತೇಲುವ ಮುಳ್ಳಿನ ಅಗ್ಗದ ಪ್ಲಾಸ್ಟಿಕ್ ಸಾಧನವನ್ನು ನಾನು ನಂಬುವುದಿಲ್ಲ. ರಿಫ್ರ್ಯಾಕ್ಟೋಮೀಟರನ್ನೂ ಆಗಾಗ ಸರಿಹೊಂದಿಸಬೇಕು, ಅದೂ ಬರಿಯ ನೀರಿನಿಂದಲ್ಲದೆ 35ರ ಆಸುಪಾಸಿನ ದ್ರಾವಣದಿಂದ. ಅದಕ್ಕೆ ಮಾತ್ರ ಅಡುಗೆ ಉಪ್ಪು ಕೆಲಸಕ್ಕೆ ಬರುತ್ತದೆ: 36.5 ಗ್ರಾಂ ಉಪ್ಪನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ, ಆ ದ್ರಾವಣ ಬೆಳಕನ್ನು ಬಾಗಿಸುವ ಪರಿ 35ರ ಕಡಲ ನೀರಿನಷ್ಟೇ ಆಗಿರುತ್ತದೆ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯೊಂದು ಮನೆಯಲ್ಲಿದ್ದರೆ ಈ ಕೆಲಸಕ್ಕೂ ಮುಂದೆ ಬರುವ ಸೋಡಾದ ಲೆಕ್ಕಕ್ಕೂ ಆಗುತ್ತದೆ.

ಬತ್ತಿದ ನೀರಿನ ಜಾಗಕ್ಕೆ ಹಾಕಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಹೋದದ್ದು ನೀರು ಮಾತ್ರವಾದ್ದರಿಂದ ತುಂಬಬೇಕಾದದ್ದೂ ನೀರು ಮಾತ್ರ. ತಿಳಿದಾಗ ಇದಕ್ಕಿಂತ ಸರಳವಾದದ್ದಿಲ್ಲ ಎನಿಸುತ್ತದೆ, ಆದರೆ ಹೊಸಬರಲ್ಲಿ ಹಲವರು ಮಟ್ಟ ಇಳಿದಾಗಲೆಲ್ಲ ಉಪ್ಪುನೀರನ್ನೇ ಹಾಕುತ್ತ ಹೋಗಿ, ಒಂದು ತಿಂಗಳಲ್ಲಿ ತೊಟ್ಟಿಯನ್ನು ಉಪ್ಪಿನಕಾಯಿ ಜಾಡಿ ಮಾಡುತ್ತಾರೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪು ಅಂಟಿಸಿ, ಬೆಳಿಗ್ಗೆ ಅರ್ಧ ಲೀಟರ್, ಸಂಜೆ ಅರ್ಧ ಲೀಟರ್ ತುಂಬುವುದು ಕೈಯಿಂದ ಮಾಡಬಹುದಾದ ಕ್ರಮ. ಮಟ್ಟ ಇಳಿದೊಡನೆ ತಾನೇ ತುಂಬುವ ಸೆನ್ಸರ್ ಪಂಪು ಸಿಗುತ್ತದೆ. ಸಣ್ಣ ತೊಟ್ಟಿಗೆ ಹಣ ಹಾಕುವುದಾದರೆ ದುಬಾರಿ ದೀಪಕ್ಕಿಂತ ಮೊದಲು ಇದಕ್ಕೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಒಂದು ಷರತ್ತಿದೆ. ಆ ಪಂಪಿನ ನೀರಿನ ಡಬ್ಬಿ ಐದು ಲೀಟರಿಗಿಂತ ದೊಡ್ಡದಿರಬಾರದು. ಸೆನ್ಸರ್ ಎಂದಾದರೊಂದು ದಿನ ಕೈಕೊಡುತ್ತದೆ, ಆಗ ಡಬ್ಬಿಯಲ್ಲಿದ್ದ ಅಷ್ಟೂ ಸಿಹಿನೀರು ತೊಟ್ಟಿಗೆ ಇಳಿದುಬಿಡುತ್ತದೆ.

ಇದೇ ಆವಿಯಿಂದ ಉಪಕಾರವೂ ಇದೆ. ಹವಳಕ್ಕೆ ಹಿತವಾದ ಉಷ್ಣತೆ 25ರಿಂದ 26.5 ಡಿಗ್ರಿ ಸೆಲ್ಸಿಯಸ್. ಮಾರ್ಚ್ ಕಳೆಯುವ ಹೊತ್ತಿಗೆ ಮೈಸೂರಿನಲ್ಲಿ ಹೊರಗಿನ ಬಿಸಿಲು 35 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಮಂಡ್ಯದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ. ಪಂಪು, ದೀಪಗಳ ಶಾಖವೂ ಸೇರಿ ಮುಚ್ಚಿಟ್ಟ ತೊಟ್ಟಿಯ ನೀರು ಸುಲಭವಾಗಿ 30 ದಾಟುತ್ತದೆ. ಹೂಜಿಯ ನೀರು ತಣ್ಣಗಾಗುವ ಗುಟ್ಟನ್ನೇ ಇಲ್ಲಿ ಬಳಸಿಕೊಳ್ಳಬಹುದು. ಮಣ್ಣಿನ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. 50 ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದದ್ದು 200 ಕಿಲೋಜೂಲ್ ಮಾತ್ರ. ಕೋಣೆಯ ಬಿಸಿ ಎಡೆಬಿಡದೆ ಒಳಗೆ ಬರುತ್ತಲೇ ಇರುವುದರಿಂದ 12 ಡಿಗ್ರಿ ಇಳಿಯುವುದಿಲ್ಲವೆನ್ನಿ, ಆದರೆ ಮುಚ್ಚಳ ತೆಗೆದು ಕಂಪ್ಯೂಟರಿನ ಸಣ್ಣ ಫ್ಯಾನೊಂದನ್ನು ನೀರಿನ ಮೇಲ್ಮೈಗೆ ಗುರಿಯಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಬೇಸಿಗೆಯ ಒಣಗಾಳಿ ಇದಕ್ಕೆ ಅನುಕೂಲ. ಕರಾವಳಿಯ ಸೆಕೆಯಲ್ಲಿ ಇದೇ ಫ್ಯಾನು ಇಷ್ಟು ದುಡಿಯದು, ಜುಲೈ ತಿಂಗಳ ಜಡಿಮಳೆಯಲ್ಲಿ ಮೈಸೂರಿನಲ್ಲೂ ದುಡಿಯದು, ಆದರೆ ಆಗ ಅದರ ಅಗತ್ಯವೂ ಇರುವುದಿಲ್ಲ. ಫ್ಯಾನು ಹೆಚ್ಚು ತಿರುಗಿದ ದಿನ ಹೆಚ್ಚು ನೀರು ತುಂಬಬೇಕು ಎಂಬುದನ್ನು ಮಾತ್ರ ಮರೆಯಬಾರದು. ಉಷ್ಣತೆಯ ಲೆಕ್ಕವೂ ಉಪ್ಪಿನ ಲೆಕ್ಕವೂ ಒಂದೇ ಪುಸ್ತಕದಲ್ಲಿವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕೋಣೆ ತಣ್ಣಗಾಗುವುದರಿಂದ 50 ವಾಟಿನ ಹೀಟರ್ ಕೂಡ ಬೇಕು.

ಬಿಸಿಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ನೀರು ಬಿಸಿಯಾದಾಗ ಹವಳದೊಳಗಿನ ಪಾಚಿಯ ದ್ಯುತಿಸಂಶ್ಲೇಷಣೆ ಹದ ತಪ್ಪಿ, ಅಂಗಾಂಶವನ್ನು ಸುಡುವಂಥ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಹವಳವು ತನ್ನ ಅನ್ನದಾತನನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಕಡಲಿನಲ್ಲಿ ವಾಡಿಕೆಯ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಉಷ್ಣತೆ ಕೆಲವು ವಾರ ನಿಂತರೆ ಇದು ಸಂಭವಿಸುತ್ತದೆ. ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿದವು. ಬಿಳಿಚಿದ ಹವಳ ಸತ್ತಂತೆಯೇ ಎಂದಲ್ಲ. ಅದು ಉಪವಾಸ ಬಿದ್ದಿದೆ. ಬೇಗ ತಣಿಸಿ, ಬೆಳಕನ್ನು ತಗ್ಗಿಸಿ, ನುಣ್ಣಗೆ ಪುಡಿಮಾಡಿದ ಆಹಾರ ಕೊಟ್ಟರೆ ಪಾಚಿ ಮತ್ತೆ ನೆಲೆಗೊಳ್ಳಲು ಅವಕಾಶವಿದೆ. ಮಂಜುಗಡ್ಡೆ ಹಾಕಿ ಒಂದು ಗಂಟೆಯಲ್ಲಿ ಐದು ಡಿಗ್ರಿ ಇಳಿಸುವ ಗಾಬರಿ ಮಾತ್ರ ಬೇಡ. ಹಾಗೆ ಇಳಿಸುವುದೂ ಇನ್ನೊಂದು ಪೆಟ್ಟು.

ಬೇಸಿಗೆಯ ಇನ್ನೊಂದು ಜೊತೆಗಾರ ಕರೆಂಟು ಹೋಗುವುದು. ದೀಪ ಆರಿದರೆ ಹವಳಕ್ಕೆ ಏನೂ ಆಗುವುದಿಲ್ಲ, ಎರಡು ದಿನದ ಮೋಡವೆಂದು ತಿಳಿಯುತ್ತದೆ. ನೀರು ನಿಂತರೆ ಆಗುತ್ತದೆ. ಮೇಲ್ಮೈ ಕದಡದಿದ್ದರೆ ಗಾಳಿಯ ಆಮ್ಲಜನಕ ನೀರಿಗೆ ಇಳಿಯದು, ಬಿಸಿ ನೀರಿನಲ್ಲಿ ಅದು ಕರಗಿ ನಿಲ್ಲುವುದೂ ಕಡಿಮೆ, ರಾತ್ರಿಯಲ್ಲಂತೂ ಪಾಚಿಗಳು ಕೂಡ ಆಮ್ಲಜನಕವನ್ನು ಉಸಿರಾಡಿ ಖರ್ಚು ಮಾಡುತ್ತವೆ. ಮನೆಯ ಇನ್ವರ್ಟರಿಗೆ ನೀರನ್ನು ಕದಡುವ ಐದೋ ಹತ್ತೋ ವಾಟಿನ ವೇವ್‌ಮೇಕರ್ ಪಂಪು ಒಂದನ್ನು ಮಾತ್ರ ಸಿಕ್ಕಿಸಿ, ಹೀಟರನ್ನೂ ದೀಪವನ್ನೂ ಹೊರಗಿಟ್ಟರೆ ಇಡೀ ರಾತ್ರಿ ನಡೆಯುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಗಾಳಿಪಂಪು ಇಟ್ಟುಕೊಳ್ಳಲಿ.

ತೊಟ್ಟಿ ತುಂಬಿದ ದಿನವೇ ಹವಳ ಬಿಡುವಂತಿಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲನೆಯದು ಕಟು ವಿಷ, ಕೊನೆಯದು ಬಹುಮಟ್ಟಿಗೆ ನಿರುಪದ್ರವಿ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕಡಲಿನಿಂದ ಕಿತ್ತ ಕಲ್ಲಿನ ಬದಲು ಕುಲುಮೆಯಲ್ಲಿ ಸುಟ್ಟ ರಂಧ್ರಮಯ ಸೆರಾಮಿಕ್ ಕಲ್ಲುಗಳನ್ನು ಬಳಸಬಹುದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆಯೇ ಮೊದಲ ಮಶ್ರೂಮ್ ಹವಳ ಒಳಗೆ ಬರಲಿ.

ಸೊನ್ನೆಯ ವ್ಯಾಮೋಹ ಅಲ್ಲಿಗೇ ನಿಲ್ಲಬೇಕು. ನೈಟ್ರೇಟ್, ಫಾಸ್ಫೇಟ್‌ಗಳನ್ನೂ ಸೊನ್ನೆಗೆ ಇಳಿಸುವುದು ಸ್ವಚ್ಛತೆಯ ಗುರುತೆಂದು ಬಹಳ ಜನ ನಂಬಿದ್ದಾರೆ. ಆದರೆ ಹವಳದೊಳಗಿನ ಪಾಚಿಗೂ ಗೊಬ್ಬರ ಬೇಕು. ಪೂರ್ತಿ ಬರಿದಾದ ನೀರಿನಲ್ಲಿ ಹವಳ ಬಣ್ಣಗೆಡುತ್ತದೆ, ಮೇಲಾಗಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಮರಳಿನ ಮೇಲೆಲ್ಲ ಹಬ್ಬುತ್ತದೆ. ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಮೃದು ಹವಳಗಳು ಸಂತೃಪ್ತವಾಗಿರುತ್ತವೆ. ಒಂದೆರಡು ಪುಟ್ಟ ಮೀನುಗಳಿರುವ 50 ಲೀಟರಿಗೆ ವಾರಕ್ಕೆ ಐದು ಲೀಟರ್ ನೀರು ಬದಲಿಸುವುದು ಸಾಮಾನ್ಯವಾಗಿ ಸಾಕು. ಹತ್ತರಲ್ಲಿ ಒಂದು ಪಾಲು ಬದಲಿಸಿದರೆ 20 ಇದ್ದ ನೈಟ್ರೇಟ್ 18ಕ್ಕೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚಲ್ಲ. ಹಾಗಾಗಿ ಬಹಳ ಏರಿದಾಗ ನೀರು ಬದಲಿಸುವುದಕ್ಕಿಂತ ಮೀನಿಗೆ ಹಾಕುವ ಆಹಾರದ ಚಿಟಿಕೆಯನ್ನು ಸಣ್ಣದು ಮಾಡುವುದು ಮೊದಲ ಮದ್ದು.

ಈಗ ಹೆಚ್ಚಿನವರು ಹೆದರುವ ವಿಷಯಕ್ಕೆ ಬರೋಣ, ಅದು ಕ್ಷಾರತೆ, ಅಂದರೆ ಮುಖ್ಯವಾಗಿ ನೀರಿನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಎಂಬುದರ ಅಳತೆ. ಹವಳ ತನ್ನ ಅಸ್ಥಿಯನ್ನು ಕಟ್ಟುವುದು ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎಂಬ ಎರಡು ಸರಕುಗಳಿಂದ. ಇವೆರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಆಗುತ್ತದೆ. ಕಡಲಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ ಇರುತ್ತದೆ. ಕ್ಷಾರತೆ, ಅದನ್ನು ಅಳೆಯುವ ಡಿಕೆಎಚ್ ಎಂಬ ಮಾನದಲ್ಲಿ, ಸುಮಾರು 7. ತೊಟ್ಟಿಯಲ್ಲಿ 8ರ ಆಸುಪಾಸು ಒಳ್ಳೆಯದು. ಅಸ್ಥಿ ಬೆಳೆದಾಗ ಎರಡೂ ಒಂದು ನಿಗದಿತ ಅನುಪಾತದಲ್ಲಿ ಖರ್ಚಾಗುತ್ತವೆ: ಕ್ಷಾರತೆ 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಮಿಲಿಗ್ರಾಂ ಇಳಿಯುತ್ತದೆ. 8ರಲ್ಲಿ 1 ಹೋದದ್ದು ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ, 420ರಲ್ಲಿ 7 ಹೋದದ್ದು ಮನೆಯ ಹೆಚ್ಚಿನ ಕಿಟ್ಟುಗಳಿಗೆ ಸಿಗುವುದಿಲ್ಲ. ಸರಕು ಎಷ್ಟು ಖರ್ಚಾಯಿತೆಂದು ತಿಳಿಯಲು ಕ್ಷಾರತೆಯನ್ನು ಅಳೆಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಮೆಗ್ನೀಸಿಯಂ ಲೀಟರಿಗೆ 1,300 ಮಿಲಿಗ್ರಾಂ ಹತ್ತಿರವಿರಬೇಕು. ಅದು ಕಡಿಮೆಯಾದರೆ ಈ ಎರಡು ಸರಕುಗಳು ಹವಳವನ್ನು ತಲುಪುವ ಮೊದಲೇ ಪಂಪಿನ ಮೇಲೆ, ಹೀಟರಿನ ಮೇಲೆ ಗಾರೆಯಂತೆ ಕೂತುಬಿಡುತ್ತವೆ.

ಮೃದು ಹವಳಗಳಲ್ಲಿ ಗಟ್ಟಿ ಅಸ್ಥಿಯಿಲ್ಲ. ಲೆದರ್ ಹವಳದ ಮೈಯೊಳಗೆ ಸೂಜಿಯಂಥ ಸಣ್ಣ ಹರಳುಗಳಿವೆ, ಕಲ್ಲಿನ ಮೇಲೆ ಹಬ್ಬುವ ನೇರಳೆ ಪಾಚಿಯೂ ಬಸವನಹುಳುವಿನ ಚಿಪ್ಪೂ ಒಂದಿಷ್ಟು ಸುಣ್ಣ ಕೇಳುತ್ತವೆ, ಅಷ್ಟೆ. ಹೀಗಾಗಿ ಬಹಳ ತೊಟ್ಟಿಗಳಿಗೆ ವಾರದ ಐದು ಲೀಟರಿನ ಹೊಸ ನೀರೇ ಸಾಲುತ್ತದೆ, ಖರ್ಚಾದ ಸರಕನ್ನು ಅಳೆದು ಸೇರಿಸುವ ಡೋಸಿಂಗ್ ಎಂಬ ಬಾಟಲಿಗಳ ಸಾಲು ಬೇಕಾಗುವುದಿಲ್ಲ. ಸಾಲುತ್ತಿದೆಯೇ ಎಂದು ತಿಳಿಯಲು ನೀರು ಬದಲಿಸಿದ ಮರುದಿನ ಒಮ್ಮೆ, ಮುಂದಿನ ಬದಲಾವಣೆಗೆ ಮುಂಚೆ ಇನ್ನೊಮ್ಮೆ ಅಳೆದರಾಯಿತು. ಇಳಿದಿದ್ದರೆ ಅಡುಗೆ ಸೋಡಾ ಸಾಕು: 50 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು 1.5 ಗ್ರಾಂ ಸೋಡಾ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬಾರದು. ಈ ಒಂದೂವರೆ ಗ್ರಾಮನ್ನೂ ಎರಡು ದಿನಗಳಿಗೆ ಹಂಚಿ, ಶುದ್ಧ ನೀರಿನಲ್ಲಿ ಕರಗಿಸಿ, ಪಂಪಿನ ಹರಿವಿರುವ ಕಡೆ ನಿಧಾನವಾಗಿ ಬಿಡಬೇಕು. 7.5ರಲ್ಲಿ ಸ್ಥಿರವಾಗಿರುವ ತೊಟ್ಟಿಯ ಹವಳ ಆರಾಮವಾಗಿರುತ್ತದೆ. ಪುಸ್ತಕದಲ್ಲಿ 9 ಎಂದಿದೆಯೆಂದು ಒಂದೇ ಸಂಜೆಯಲ್ಲಿ ಅಲ್ಲಿಗೆ ಏರಿಸಿದರೆ ಅದೇ ಹವಳ ಮುದುಡಿಕೊಳ್ಳುತ್ತದೆ.

ಎರಡೂ ಸರಕನ್ನು ಒಟ್ಟಿಗೆ ಕೊಡುವ ಇನ್ನೊಂದು ಉಪಾಯ ವೀಳ್ಯದ ಸುಣ್ಣ ಗೊತ್ತಿರುವ ನಮ್ಮ ಊರಿನವರಿಗೆ ಹೊಸದೆನಿಸದು. ಸುಣ್ಣವನ್ನು ನೀರಿನಲ್ಲಿ ಕದಡಿ ಬಿಟ್ಟರೆ ಬಿಳಿ ಗಸಿ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕಾಲ್ಕ್‌ವಾಸರ್ ಎಂಬ ಜರ್ಮನ್ ಹೆಸರಿನಲ್ಲಿ ಜಗತ್ತಿನ ಹವಳಪ್ರಿಯರಿಗೆಲ್ಲ ರೂಢಿಯಾಗಿರುವ ದ್ರಾವಣ ಇದೇ ಸುಣ್ಣದ ತಿಳಿನೀರು. ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ಸುಣ್ಣವನ್ನೇ ಹಾಕಬಹುದೇ ಎಂದು ನನಗೂ ಆಸೆಯಾಗಿತ್ತು. ಅದರಲ್ಲಿ ಏನೇನು ಬೆರೆತಿದೆಯೋ ಹೇಳಲಾಗದ ಕಾರಣ ಪ್ರಯೋಗಾಲಯ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ಕೊಳ್ಳಬೇಕು. ಲೀಟರಿಗೆ ಒಂದೂವರೆ ಗ್ರಾಮಿನಷ್ಟು ಕರಗುತ್ತದೆ, ಪಿಎಚ್ 12 ದಾಟುತ್ತದೆ, ಕೈಗೆ ಕಣ್ಣಿಗೆ ತಾಗಿದರೆ ಸುಡುತ್ತದೆ. ಇದನ್ನು ಬತ್ತಿದ ನೀರಿಗೆ ಬದಲಾಗಿ, ರಾತ್ರಿ ಹೊತ್ತು, ಹನಿಹನಿಯಾಗಿ ಬಿಡುವುದು ಪದ್ಧತಿ; ಹವಳ ಕೇಳುವ ಸುಣ್ಣವನ್ನು ಹೊತ್ತು ತರಲು ಆವಿಯಾದ ನೀರಿನ ಜಾಗವೇ ದಾರಿಯಾಗುತ್ತದೆ. ಆದರೆ ಲೆಕ್ಕ ನೋಡಿ: ಗಾಢ ತಿಳಿನೀರು ಒಂದು ಲೀಟರ್ 50 ಲೀಟರಿನ ತೊಟ್ಟಿಗೆ ಬಿದ್ದರೆ ಕ್ಷಾರತೆ 2 ಡಿಕೆಎಚ್‌ಗಿಂತ ಹೆಚ್ಚು ಏರುತ್ತದೆ. ಏಪ್ರಿಲ್ ತಿಂಗಳ ಆವಿಯಷ್ಟನ್ನೂ ಈ ನೀರಿನಿಂದಲೇ ತುಂಬಿದರೆ ಮೃದು ಹವಳದ ತೊಟ್ಟಿ ಕೆಲವೇ ದಿನಗಳಲ್ಲಿ ಹಾಲಿನಂತೆ ಬೆಳ್ಳಗಾಗಬಹುದು. ಹತ್ತಕ್ಕೆ ಒಂದು ಪಾಲು ತಿಳಿನೀರು, ಒಂಬತ್ತು ಪಾಲು ಶುದ್ಧ ನೀರು ಎಂದು ಆರಂಭಿಸಿ, ವಾರಕ್ಕೊಮ್ಮೆ ಅಳೆದು ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಕ್ಷೇಮ.

ಬೆಳಕಿನ ವಿಷಯದಲ್ಲಿ ನಮ್ಮ ಬಿಸಿಲನ್ನು ನೆಚ್ಚಿಕೊಳ್ಳಬೇಡಿ. ಕಿಟಕಿಯ ಬಿಸಿಲು ನೀರನ್ನು ಕಾಯಿಸುತ್ತದೆ, ಬೇಡದ ಪಾಚಿಯನ್ನು ಬೆಳೆಸುತ್ತದೆ. ನೀರು ಕೆಂಪು ಬೆಳಕನ್ನು ಮೊದಲ ಕೆಲವೇ ಮೀಟರುಗಳಲ್ಲಿ ಹೀರಿಬಿಡುವುದರಿಂದ ಆಳದ ಹವಳಗಳು ನೀಲಿ ಬೆಳಕಿಗೆ ಒಗ್ಗಿಕೊಂಡಿವೆ. ಹಾಗಾಗಿಯೇ ಹವಳದ ಎಲ್‌ಇಡಿ ದೀಪಗಳು ನೀಲಿಯಾಗಿರುತ್ತವೆ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು, ಟೈಮರ್ ಹಾಕಿಬಿಡಿ. ಹೊಸ ಹವಳವನ್ನು ನೇರವಾಗಿ ದೀಪದ ಕೆಳಗಿನ ಎತ್ತರದ ಕಲ್ಲಿನ ಮೇಲೆ ಕೂರಿಸುವುದು ಸಾಮಾನ್ಯ ತಪ್ಪು. ಮರಳಿನ ಮೇಲೆ ನೆರಳಿನಲ್ಲಿಟ್ಟು, ಎರಡು ಮೂರು ವಾರಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಮಶ್ರೂಮ್ ಹವಳ ಕೆಳಗೇ ಇರಲು ಇಷ್ಟಪಡುತ್ತದೆ.

ನೀರಿನ ಚಲನೆ ಹವಳಕ್ಕೆ ಉಸಿರಾಟವೂ ಊಟವೂ ಸ್ನಾನವೂ ಹೌದು, ಏಕೆಂದರೆ ಅದು ಕೂತಲ್ಲಿಂದ ಏಳಲಾರದು. ಗಂಟೆಗೆ ತೊಟ್ಟಿಯ ಹತ್ತರಿಂದ ಇಪ್ಪತ್ತು ಪಟ್ಟು ನೀರು, ಅಂದರೆ 500ರಿಂದ 1,000 ಲೀಟರ್ ತಿರುಗಿಸುವ ವೇವ್‌ಮೇಕರ್ ಸಾಕು. ಅದರ ಮುಖವನ್ನು ಹವಳದ ಕಡೆಗಿಡದೆ ಗಾಜಿನ ಕಡೆಗಿಟ್ಟರೆ ಹರಿವು ಒಡೆದು ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ.

ಕಿಟ್ಟುಗಳಿಗಿಂತ ಮೊದಲು ಸುದ್ದಿ ಹೇಳುವುದು ಹವಳವೇ. ಝೋಆಂಥಿಡ್ ಬೆಳಕು ಬಂದು ಒಂದು ಗಂಟೆಯಾದರೂ ಮುಚ್ಚಿಕೊಂಡೇ ಇದ್ದರೆ ಮೊದಲು ಉಪ್ಪನ್ನು ಅಳೆಯಿರಿ. ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಸಾಲದು. ಮಶ್ರೂಮ್ ಅಂಚು ಮಡಚಿ ಚಿಕ್ಕದಾಗಿ ಪೇಲವವಾದರೆ ಬೆಳಕು ಹೆಚ್ಚಾಗಿದೆ. ಲೆದರ್ ಹವಳ ಮಾತ್ರ ಹೊಸಬರನ್ನು ಹೆದರಿಸುವುದರಲ್ಲಿ ನಿಪುಣ. ಕೆಲವು ದಿನ ಮುದುಡಿ, ಮೈಮೇಲೆ ಮೇಣದ ಹೊಳಪು ಬಂದು, ಒಂದು ಪೊರೆ ಕಳಚಿ ಮತ್ತೆ ಅರಳುತ್ತದೆ. ಅದನ್ನು ಕಂಡು ಮದ್ದು ಸುರಿದವರೇ ಹೆಚ್ಚು. ಪೊರೆ ಸಲೀಸಾಗಿ ಹೋಗಲೆಂದು ಹರಿವನ್ನು ತುಸು ಹೆಚ್ಚಿಸಿ ಸುಮ್ಮನಿದ್ದರಾಯಿತು.

ಚೆನ್ನಾಗಿ ನೆಲೆಯೂರಿದ ತೊಟ್ಟಿಯಲ್ಲಿ ಝೋಆಂಥಿಡ್ ಕಲ್ಲು ತುಂಬಿ ಪಕ್ಕದ ಕಲ್ಲಿಗೂ ಹಬ್ಬುತ್ತದೆ. ಆಗ ಕತ್ತರಿಸಿ ಹಂಚುವ ಪ್ರಸಂಗ ಬರುತ್ತದೆ. ಇಲ್ಲಿ ಒಂದು ಗಂಭೀರ ಎಚ್ಚರಿಕೆ ಹೇಳಲೇಬೇಕು. ಈ ಬಳಗದ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ, ಪ್ರಕೃತಿಯಲ್ಲಿ ಗೊತ್ತಿರುವ ಅತ್ಯುಗ್ರ ವಿಷಗಳಲ್ಲೊಂದು ಇರುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಕತ್ತರಿಸಬಾರದು. ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬಾರದು. ಝೋಆಂಥಿಡ್ ಅಂಟಿದ ಕಲ್ಲನ್ನು ಶುಚಿಮಾಡಲೆಂದು ಕುದಿಸಬಾರದು, ಬಿಸಿನೀರು ಸುರಿಯಬಾರದು, ಬ್ರಷ್ಷಿನಿಂದ ಉಜ್ಜಬಾರದು. ಆ ಹಬೆ ಉಸಿರಿನಲ್ಲಿ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ.

ಕತ್ತರಿಸಿದ ತುಂಡನ್ನು ಜೆಲ್ ಬಗೆಯ ಸೂಪರ್ ಗ್ಲೂವಿನಿಂದ ಸಣ್ಣ ಸೆರಾಮಿಕ್ ಬಿಲ್ಲೆಗೆ ಅಂಟಿಸಿ, ಗಾಯ ಮಾಯಲು ಒಂದೆರಡು ವಾರ ಅದೇ ತೊಟ್ಟಿಯಲ್ಲಿ ಬಿಡಬೇಕು. ಹೋದ ಚಳಿಗಾಲದಲ್ಲಿ ಮಂಡ್ಯದ ನಮ್ಮ ಸೋದರಮಾವನ ಮನೆಗೆ ಅಂಥ ಮೂರು ಬಿಲ್ಲೆಗಳನ್ನು ಒಯ್ದೆ. ತುಂಡುಗಳು ಮುಳುಗುವಷ್ಟು ನೀರು ತುಂಬಿದ ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ಒಂದು ಗಂಟೆಯ ದಾರಿ ಅವಕ್ಕೆ ಏನೂ ಅಲ್ಲ. ಹೊರಡುವ ಮುನ್ನ ನಮ್ಮ ತೊಟ್ಟಿಯಲ್ಲಿ ಅಳೆದ ರಿಫ್ರ್ಯಾಕ್ಟೋಮೀಟರನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಅಲ್ಲಿಯೂ ಅಳೆದೆ. ನಮ್ಮಲ್ಲಿ 35 ಇತ್ತು, ಮಾವನ ತೊಟ್ಟಿಯಲ್ಲಿ 37. ನೀರು ಎಷ್ಟು ದಿನಕ್ಕೊಮ್ಮೆ ತುಂಬುತ್ತೀರಿ ಮಾವ ಎಂದು ಕೇಳಿದ್ದಕ್ಕೆ ಭಾನುವಾರ ಭಾನುವಾರ ಎಂದರು. ಡಬ್ಬಿಯನ್ನು ತೆರೆಯದೆ, ಅವರ ತೊಟ್ಟಿಯಿಂದ ಲೋಟಗಟ್ಟಲೆ ಉಪ್ಪುನೀರು ತೆಗೆದು ಸಿಹಿನೀರು ಹಾಕುತ್ತ ಸಂಜೆಯವರೆಗೆ 36ಕ್ಕೆ ಇಳಿಸಿ, ಆಮೇಲೆ ಡಬ್ಬಿಗೆ ಆ ನೀರನ್ನು ಸಣ್ಣ ನಳಿಕೆಯಿಂದ ಮುಕ್ಕಾಲು ಗಂಟೆ ಹನಿಸಿ, ದೀಪ ಆರಿದ ಮೇಲೆ ಬಿಲ್ಲೆಗಳನ್ನು ಮರಳಿನ ಮೇಲೆ ಇಳಿಸಿದೆವು. ಗಾಜಿಗೆ ಟೇಪು ಅಂಟಿಸಿ, ಮೇಜಿನ ಮೇಲೆ ಅರ್ಧ ಲೀಟರಿನ ಅಳತೆಯ ಲೋಟವಿಟ್ಟು ಬಂದೆ.